ಆಡಿಟರ ಪಕ್ಕದ ಎಲೆ

ದಾವಣಗೆರೆಯಲ್ಲಿ ಯಾರ ಮನೆಯ ಮದುವೆಯಾದರೂ ಸರಿ, ಮೊದಲ ಪಂಕ್ತಿ ಏಳುವ ಹೊತ್ತಿಗೆ ಕಂಟ್ರಾಕ್ಟರ್ ಮಾವ ಊಟದ ಹಾಲಿನ ಬಾಗಿಲಲ್ಲಿ ನಿಂತಿರುತ್ತಾರೆ. ಕಾಯುತ್ತಿರುವುದು ಊಟಕ್ಕಲ್ಲ, ಆಡಿಟರಿಗೆ. ಆಡಿಟರು ಎಲ್ಲಿ ಕೂತರೆ ಅದರ ಪಕ್ಕದ ಎಲೆ ಮಾವನದು.

“ಆಡಿಟ್ರೇ, ಸುಮ್ನೆ ಒಂದ್ಮಾತು ಕೇಳ್ತೀನಿ...”

ಆಡಿಟರ ಬಾಯಲ್ಲಿ ಹೋಳಿಗೆ. ನಾಳೆ ಆಫೀಸಿಗೆ ಬನ್ನಿ ಅಂತ ಕೈಸನ್ನೆ ಮಾಡುತ್ತಾರೆ. ಆಫೀಸಿಗೆ ಹೋದರೆ ಫೀಸು. ಇಲ್ಲಾದರೆ ಸಲಹೆಯೂ ಪುಕ್ಕಟೆ, ತುಪ್ಪವೂ ಪುಕ್ಕಟೆ.

ರಸ್ತೆ, ಚರಂಡಿ, ಶಾಲೆಯ ಕಾಂಪೌಂಡು ಮಾವನ ಕಸುಬು. ಆದಾಯ ತೆರಿಗೆಯಲ್ಲಿ ನ್ಯಾಯವಿಲ್ಲ ಅನ್ನುವುದು ಅವರ ನಿತ್ಯಪಾರಾಯಣ. ಕಾಲೇಜಿನಲ್ಲಿ ಪಾಠ ಹೇಳುವ ನನ್ನನ್ನು ಕಂಡರೆ ಅದಕ್ಕೆ ಇನ್ನಷ್ಟು ಕಳೆ. “ನಿಮ್ದೇನ್ರೀ ಮೇಷ್ಟ್ರೇ, ತಿಂಗಳಾದ್ರೆ ಸಂಬಳ. ನಮ್ದು ಬಿಲ್ ಆಗೋಕೂ ಮುಂಚೆ ಟಿಡಿಎಸ್ ಕಡೀತಾರೆ!” ಕಡಿಯುವುದು ನೂರಕ್ಕೆ 1 ರೂಪಾಯಿ. ಅವರು ಹೇಳುವ ರೀತಿ ನೋಡಿದರೆ ಕೈಯನ್ನೇ ಕಡಿದಂತಿರುತ್ತದೆ.

ಆಡಿಟರ ಹತ್ತಿರ ಬರುವ ಮೊದಲೇ ಮಾವ ಸ್ಟೀಲ್ ಅಂಗಡಿಯ ಸೇಠು, ತಾಲ್ಲೂಕು ಆಫೀಸಿನಲ್ಲಿರುವ ಭಾಮೈದ, ಯೂಟ್ಯೂಬ್ ಬಿಟ್ಟೇಳದ ಮಗ, ಮೂವರನ್ನೂ ಕೇಳಿ ಮುಗಿಸಿರುತ್ತಾರೆ. ಮೂವರೂ ಒಂದೇ ಮಾತು ಹೇಳಿದ್ದಾರೆ: ಅಡಿಕೆ ತೋಟ ಮಾಡಿ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಚನ್ನಗಿರಿ ಕಡೆ ಎರಡು ಎಕರೆ ತೋಟ ಎದ್ದಿತು. ಅದರ ಇಳುವರಿಯನ್ನು ಮಾವ ಬಾಯಲ್ಲಿ ಹೇಳುವಾಗ ಕೇಳಬೇಕು, ತೋಟಗಾರಿಕೆ ಇಲಾಖೆಯವರೇ ಬಂದು ಅಡ್ಡಬೀಳಬೇಕು.

“ಯಜಮಾನ್ರೇ, ಸಸಿ ನೆಟ್ಟಿದ್ದು ಹೋದ ವರ್ಷ ಅಲ್ವಾ? ಅಡಿಕೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕು,” ಅಂದರು ಆಡಿಟರು.

“ನಿಮಗೆ ಅಡಿಕೆ ಬಗ್ಗೇನೂ ಗೊತ್ತಾ?” ಅಂತ ಮಾವ ನಿಜವಾಗಿಯೂ ಬೇಸರಪಟ್ಟುಕೊಂಡರು.

ರಿಟರ್ನ್ ಸಲ್ಲಿಸುವ ಕೊನೆಯ ದಿನದ ಹಿಂದಿನ ಸಂಜೆ ಮಾವ ಆಫೀಸಿಗೆ ಬಂದೇ ಬರುತ್ತಾರೆ, ಸೀರೆ ಅಂಗಡಿಯ ದೊಡ್ಡ ಕವರಿನ ತುಂಬ ಬಿಲ್ಲು ತುಂಬಿಕೊಂಡು. ಅದನ್ನು ಮೇಜಿನ ಮೇಲೆ ಸುರಿದರೆ ಪೆಟ್ರೋಲ್ ಬಂಕಿನ ಚೀಟಿಗಳೇ ಅರ್ಧ, ಅಕ್ಷರ ಮಾಸಿ ಬರೀ ಬಿಳಿ ಕಾಗದ. ಮಿಕ್ಕಿದ್ದರಲ್ಲಿ ಜೆಲ್ಲಿ ಲೋಡಿನ ಲೆಕ್ಕ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ, ಶನಿವಾರದ ಬಟವಾಡೆ ಕಿಸೆ ಡೈರಿಯಲ್ಲಿ. ಡೈರಿಯ ಪ್ರತಿ ಪುಟದ ಕೊನೆಗೂ ‘ಇತರೆ’ ಅಂತ ಒಂದು ಸಾಲು. ಸಿಮೆಂಟಿಗಿಂತ ಇತರೆಗೇ ಹೆಚ್ಚು ದುಡ್ಡು ಹೋಗಿದೆ. ಜಿಎಸ್‌ಟಿಗೆ ಬೇಕಾದ ಬಿಲ್ಲು ಮಾತ್ರ ಇಡೀ ಕವರು ಜಾಲಾಡಿದರೂ ಸಿಗುವುದಿಲ್ಲ.

“ಈ ಇತರೆ ಏನು?”

“ಅದಕ್ಕೆಲ್ಲ ಯಾರ್ರೀ ಬಿಲ್ ಕೊಡ್ತಾರೆ? ಕೊಡದೇ ಇದ್ರೆ ನಮ್ ಬಿಲ್ ಆಗುತ್ತಾ? ಇದನ್ನ ಖರ್ಚು ಅಂತ ಒಪ್ಪದಿದ್ರೆ ಅದ್ಯಾವ ನ್ಯಾಯ?”

ಕಾನೂನು ಅದನ್ನು ಒಪ್ಪುವುದಿಲ್ಲ. ಒಪ್ಪಬೇಕಾದ ಅಗತ್ಯವೂ ಇಲ್ಲ ಅನ್ನುವುದು ತಮಾಷೆ. ಮಾವನಂಥ ಸಣ್ಣ ಗುತ್ತಿಗೆದಾರರು ಬ್ಯಾಂಕ್ ಮೂಲಕ ಬಂದ ಬಿಲ್ಲಿನ ಮೇಲೆ ಕನಿಷ್ಠ ನೂರಕ್ಕೆ 6 ಲಾಭ ಅಂತ ತೋರಿಸಿದರೆ ಸಾಕು, ಉಳಿದ 94ಕ್ಕೆ ಯಾರೂ ಚೀಟಿ ಕೇಳುವುದಿಲ್ಲ. ಹೆಚ್ಚು ಗಳಿಸಿದ್ದರೆ ಹೆಚ್ಚು ತೋರಿಸಬೇಕು ಅಂತಲೂ ಇದೆ. ಆ ಸಾಲು ಬಂದಾಗ ಮಾವನಿಗೆ ಫೋನ್ ಬರುತ್ತದೆ. ಆ ವರ್ಷ ಅವರ ಬಿಲ್ಲು 1 ಕೋಟಿ, ತೋರಿಸಿದ ಲಾಭ 6 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲದ್ದರಿಂದ ಕಟ್ಟಬೇಕಾದ್ದು ಸೊನ್ನೆ. ಕಡಿದಿದ್ದ 1 ಲಕ್ಷ ವಾಪಸ್. ನನ್ನದು 15 ಲಕ್ಷದ ಸಂಬಳ. 75,000 ಕಳೆದು, ಸೆಸ್ಸೂ ಸೇರಿ, 97,500 ರೂಪಾಯಿ ತೆರಿಗೆ ಹೋಗಿದೆ. ನನ್ನ ಡೈರಿಯಲ್ಲೂ ‘ಇತರೆ’ ಇದೆ, ಕೇಳುವವರಿಲ್ಲ.

ಇಷ್ಟಾದರೂ ಮಾವನಿಗೆ ಸಮಾಧಾನವಿಲ್ಲ. ಮುಂದಿನ ವಾರವೇ ಜೆಸಿಬಿ ಸಾಲಕ್ಕೆ ಓಡಾಟ. ಬ್ಯಾಂಕಿನವರು 6 ಲಕ್ಷದ ಆದಾಯ ನೋಡಿ ಮೂಗು ಮುರಿದರು.

“ಆಡಿಟ್ರೇ, ಬ್ಯಾಂಕಿಗೆ ಒಂದು ಹದಿನೈದು ಅಂತ ಬರೆದುಕೊಡಿ.”

“ಇಲಾಖೆಗೆ ಆರು ಅಂದಿದ್ದೀರಿ.”

“ಅದು ಇಲಾಖೆಗೆ!”

ಮಗನ ಸಂಬಂಧ ನೋಡಲು ಬಂದವರ ಮುಂದೆ ಆ ಅಂಕಿ ಎಲ್ಲಿಗೆ ಏರಿತು ಅನ್ನುವುದನ್ನು ನಾನು ಬರೆಯುವುದಿಲ್ಲ. ಇಲಾಖೆಯವರೂ ಪತ್ರಿಕೆ ಓದುತ್ತಾರೆ.

ಮಾವನಿಗೆ ಕಾನೂನು ಗೊತ್ತಿಲ್ಲ ಅಂತ ಮಾತ್ರ ತಿಳಿಯಬೇಡಿ. 44ಎಡಿ, 194ಸಿ ಅಂತ ಸಿಟಿ ಬಸ್ಸಿನ ನಂಬರು ಹೇಳುವ ಹಾಗೆ ಹೇಳುತ್ತಿದ್ದರು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು 1961ರ ಕಾಯ್ದೆಯ ನಂಬರುಗಳೆಲ್ಲ ಬದಲಾದಾಗ ಅವರಿಗಾದ ಸಂಕಟ ತೆರಿಗೆಯದ್ದಲ್ಲ, ಬಾಯಿಪಾಠ ಹಾಳಾದದ್ದು.

ರೀಫಂಡು ಬಡ್ಡಿ ಸಮೇತ ಬಂದ ದಿನ ಆಡಿಟರು ಎರಡು ವರ್ಷದ ಬಾಕಿ ಫೀಸನ್ನು ನೆನಪಿಸಿದರು. ಮಾವ ಕುರ್ಚಿಗೆ ಒರಗಿದರು. ಕಾರ್ಯಪಾಲಕ ಇಂಜಿನಿಯರರು ತಮಗೆ ಹೇಳುವ ಅದೇ ಧಾಟಿಯಲ್ಲಿ, ಅಷ್ಟೇ ಗಂಭೀರವಾಗಿ, “ಫೈಲು ಮೂವ್ ಆಗಿದೆ ಆಡಿಟ್ರೇ, ಗ್ರಾಂಟ್ ಬರಲಿ,” ಅಂದರು.