ತಟ್ಟಾನನು ಬಾತುಕೋಳಿಯಾದ ಬಗೆ: ಒಂದು ಪಾಠಾಂತರ ವಿಚಾರ

ಪ್ರಕೃತ ಪ್ರಬಂಧದ ವಸ್ತು 1988ರ ಮಲಯಾಳ ಚಲನಚಿತ್ರ ‘ಪೊನ್‌ಮುಟ್ಟಯಿಡುನ್ನ ತಾರಾವು’. ರಘುನಾಥ್ ಪಲೇರಿ ಬರೆದು ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದ ಈ ಕೃತಿಯನ್ನು ಪಾಮರರು ನೋಡಿ, ನಕ್ಕು, ಮನೆಗೆ ಹೋಗಿ ಉಂಡು ಮಲಗಿದರು. ವಿದ್ವಾಂಸನಿಗೆ ಆ ಭಾಗ್ಯವಿಲ್ಲ.

ಮೊದಲು ಶೀರ್ಷಿಕೆ. ಪೊನ್ ಎಂದರೆ ಹೊನ್ನು, ಮುಟ್ಟ ಎಂದರೆ ಮೊಟ್ಟೆ, ತಾರಾವು ಎಂದರೆ ಬಾತುಕೋಳಿ. ಆದರೆ ಕಥೆಯನ್ನು ಎಷ್ಟು ಜಾಲಾಡಿದರೂ ನಾಯಕಸ್ಥಾನದಲ್ಲಿ ಸಿಗುವುದು ಬಾತುಕೋಳಿಯಲ್ಲ, ಶ್ರೀನಿವಾಸನ್ ಅಭಿನಯಿಸಿದ ಭಾಸ್ಕರನ್ ಎಂಬ ಅಕ್ಕಸಾಲಿಗ. ಮೂಲಪಾಠ ‘ತಟ್ಟಾನ್’ ಎಂದೇ ಇತ್ತು, ಹಾಗೆಂದರೆ ಅಕ್ಕಸಾಲಿಗ. ಆ ಕುಲಕಸುಬಿನವರು ಆಕ್ಷೇಪಿಸಿದ್ದರಿಂದ ಪಾಠ ಬದಲಾಯಿತು. ಕನ್ನಡದ ಪೊನ್ನು ಹೊನ್ನಾಗಲು ಶತಮಾನಗಳು ಬೇಕಾದವು. ತಟ್ಟಾನ್ ತಾರಾವಾಗಲು ಒಂದು ಪ್ರತಿಭಟನೆ ಸಾಕಾಯಿತು. ವೈಯಾಕರಣ ಕೇಶಿರಾಜನಲ್ಲಿ ಇದಕ್ಕೆ ಸೂತ್ರ ದೊರೆಯುವುದಿಲ್ಲ. ಬಾತುಕೋಳಿಗಳ ಕಡೆಯಿಂದ ಈವರೆಗೆ ಮನವಿಪತ್ರ ಬಂದಂತಿಲ್ಲ. ಸಂಘಟನೆಯಿಲ್ಲದ ಜಾತಿಯ ಪಾಡು ಎಲ್ಲೆಡೆ ಇದೇ.

ಇನ್ನು ಪೂರ್ವಪಕ್ಷ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಹಿಡಿದು ಬರುವ ಪಂಡಿತರು ಇಲ್ಲಿ ಮುಗ್ಗರಿಸುತ್ತಾರೆ. ಭಾಸ್ಕರನ್ ಕದಿಯುವವನಲ್ಲ, ಕೊಡುವವನು. ಪ್ರೀತಿಸಿದ ಸ್ನೇಹಲತಾಳಿಗೆ (ಊರ್ವಶಿ) ಒಂದು ಮಾಲೆ ಕೊಡುತ್ತಾನೆ. ಅಷ್ಟರಲ್ಲಿ ಗಲ್ಫಿನಿಂದ ಬಂದ ವರನಾಗಿ ಜಯರಾಮ್ ಪ್ರವೇಶಿಸುತ್ತಾರೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಎಣಿಸಿದರು. ಎಂಬತ್ತರ ದಶಕದ ಕೇರಳದ ಹಳ್ಳಿ ಐದನೆಯದನ್ನು ಸೇರಿಸಿತು: ಗಲ್ಫ್ ಪ್ರಮಾಣ. ಇದರ ಮುಂದೆ ಉಳಿದ ನಾಲ್ಕೂ ನಿಲ್ಲವು. ಸೂಟ್‌ಕೇಸಿನ ಗಾತ್ರ ಮತ್ತು ಸೆಂಟಿನ ಘಾಟು ಇದರ ಲಕ್ಷಣಗಳು. ಅಂಥವನ ಬಾಯಲ್ಲಿ ಹಲ್ಲೆಷ್ಟಿವೆ ಎಂದು ಯಾರೂ ನೋಡುವುದಿಲ್ಲ.

ಮದುವೆ ಅತ್ತ ಕುದುರಿತು. ಮಾಲೆ ಮಾತ್ರ ಇತ್ತ ಹಿಂತಿರುಗಲಿಲ್ಲ. ಕೊಟ್ಟವನು ಕೊಟ್ಟೆನೆಂದ, ಇಸಕೊಂಡವರು ಇಲ್ಲವೆಂದರು. ಊರು ಜಗಳವನ್ನು ಹಂಚಿಕೊಂಡು ಸವಿಯಿತು. ಜಗತಿ ಶ್ರೀಕುಮಾರರ ವೆಳಿಚ್ಚಪ್ಪಾಡ್‌ ಇರುವ ಊರದು. ದೇವರು ಮೈಮೇಲೆ ಬರುವ ಪಾತ್ರಿಯೇ ಜೊತೆಗಿದ್ದರೂ ಮಾಲೆ ಯಾರದೆಂಬ ಸಣ್ಣ ಸಂಗತಿ ಇತ್ಯರ್ಥವಾಗಲಿಲ್ಲ. ಎಲ್ಲರೂ ಎಲ್ಲರನ್ನೂ ಒರೆಗೆ ಹಚ್ಚುತ್ತಿದ್ದರು. ಒರೆಗಲ್ಲಿದ್ದದ್ದು ಭಾಸ್ಕರನ್ ಒಬ್ಬನ ಬಳಿ, ಅವನ ಮಾತು ಕೇಳುವವರಿರಲಿಲ್ಲ.

ಕೊನೆಗೆ ಮಾಲೆಗೆ ಕಾಸು ಹುಟ್ಟಿಸುವ ಕಾಲ ಬಂದಾಗ ಅದು ಚಿನ್ನವೇ ಅಲ್ಲವೆಂದು ತಿಳಿಯುತ್ತದೆ. ಇಲ್ಲಿ ನವ್ಯನ್ಯಾಯವೂ ಬೆವರುತ್ತದೆ. ಅವನು ಕೊಟ್ಟೇ ಇಲ್ಲವೆಂದು ಸಾಧಿಸಿದವರು, ಅವನು ಕೊಟ್ಟದ್ದು ಖೋಟಾ ಎಂದು ಯಾವ ಬಾಯಲ್ಲಿ ದೂರುವುದು? ಈ ಲೇಖಕನ ಸಿದ್ಧಾಂತವೇನೆಂದರೆ, ಇಡೀ ಊರಿನಲ್ಲಿ ತನ್ನ ನಿಜವನ್ನು ತಾನೇ ಬಯಲು ಮಾಡಿಕೊಂಡದ್ದು ಆ ಮಾಲೆಯೊಂದೇ.

ಕೇರಳದವರಂತೆ ನಮ್ಮ ಕರಾವಳಿಯವರೂ ಚಿನ್ನವನ್ನು ಪವನಿನಲ್ಲಿ ಲೆಕ್ಕ ಹಾಕುತ್ತಾರೆ, ಪವನಿಗೆ 8 ಗ್ರಾಂ. ಹಾಗಾಗಿ ಪ್ರಬಂಧವನ್ನು ಪರಿಶೀಲನೆಗೆಂದು ಮಂಗಳೂರಿನ ಚಿಕ್ಕಮ್ಮನಿಗೆ ಓದಿ ಹೇಳಿದೆ. ಕೇಶಿರಾಜ, ನೈಯಾಯಿಕರು ಎಲ್ಲರನ್ನೂ ದಾಟಿಕೊಂಡು ಅವರು ಕೇಳಿದ್ದು ಒಂದೇ:

“ಮಾಲೆ ಎಷ್ಟು ಪವನಿನದ್ದು?”

“ಚಿಕ್ಕಮ್ಮ, ಅದು ಖೋಟಾ.”

“ಅದು ಇರ್ಲಿ ಮಾರಾಯ. ನೋಡ್ಲಿಕ್ಕೆ ಎಷ್ಟು ಪವನಿನ ಹಾಗೆ ಕಾಣ್ತದೆ?”