ಶೋಧರಾಯರು ಮತ್ತು ಬಂದೂಕಿನ ಎರಡು ಕಾಲು

ಡಾಲಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಮಿಕ್ಸಿ ಕೊಳ್ಳಬೇಕೆಂದಿರುವವರು ಶೋಧರಾಯರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಾರೆ. ಬಿದ್ದರೆ ಮುಗಿಯಿತು. ಮೋಟಾರಿನ ವ್ಯಾಟು, ಬ್ಲೇಡಿನ ಓರೆ, ಜಾರಿನ ರಬ್ಬರು ಎಷ್ಟು ದಿನಕ್ಕೆ ಸವೆಯುತ್ತದೆ ಎಂದೆಲ್ಲ ಕೇಳಿಸಿಕೊಂಡು ಮನೆಗೆ ಹೋದವರು ಚಟ್ನಿಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಶೋಧರಾಯರು ಎಂಬುದು ಅವರ ನಿಜವಾದ ಹೆಸರಲ್ಲ, ನಾವಿಟ್ಟದ್ದು. ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರು ಇರುತ್ತಾರೆ. ಟೆಕ್ಸಾಸಿನಲ್ಲಿ ಇರುವುದರಿಂದ ನಮ್ಮವರ ಕೈಗೆ ಬಂದೂಕು ಸಿಕ್ಕಿದೆ, ಅಷ್ಟೆ.

ಅದೂ ಸುಲಭಕ್ಕೆ ಸಿಕ್ಕಿದ್ದಲ್ಲ. ಎಚ್-1ಬಿ ವೀಸಾದ ಮೇಲೆ ಬಂದವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇರುವವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಗ್ರೀನ್ ಕಾರ್ಡಿಗೆ ಕಾದ ವರ್ಷಗಳನ್ನೆಲ್ಲ ರಾಯರು ಓದಿನಲ್ಲಿ ಕಳೆದರು. ಕಾರ್ಡು ಬಂದ ಮೇಲೆ ಕೊಂಡದ್ದು ಸಾದಾ .22 ಬಂದೂಕು. ಅದರ ಗುಂಡು ಸುಮಾರು 2.6 ಗ್ರಾಂ, ಹೊಡೆದರೆ ಭುಜಕ್ಕೆ ಗೊತ್ತಾಗುವುದೇ ಇಲ್ಲ. ಮಕ್ಕಳಿಗೆ ಗುರಿ ಕಲಿಸುವುದಕ್ಕೂ ಇದನ್ನೇ ಕೊಡುತ್ತಾರೆ. ಇದಕ್ಕೆ ರಾಯರಿಗೆ ಬೈಪಾಡ್ ಬೇಕಿತ್ತು, ಅಂದರೆ ನಳಿಕೆಯ ಕೆಳಗೆ ಸಿಕ್ಕಿಸಿ ಬಂದೂಕನ್ನು ನೆಲದ ಮೇಲೆ ನಿಲ್ಲಿಸುವ ಎರಡು ಕಾಲು.

ಕೋಷ್ಟಕ ಶುರುವಾಯಿತು. ಮೊದಲ ಸಾಲಿನಲ್ಲಿ ಕೆಂಟಕಿಯ ಹ್ಯಾರಿಸ್ ಕಂಪನಿಯದು: ಹೊರಗೇ ಕಾಣುವ ಸ್ಪ್ರಿಂಗು, ಟಕ್ಕೆಂದು ಚಾಚಿಕೊಳ್ಳುವ ಕಾಲು, ಬೇಟೆಗಾರರು ಬಹುಕಾಲದಿಂದ ನಂಬಿಕೊಂಡು ಬಂದ ಮಾದರಿ. ನೆಲ ಏರುಪೇರಾದರೂ ಬಂದೂಕು ವಾಲದಂತೆ ನೇರ ಮಾಡಿಕೊಳ್ಳಲು ಸ್ವಿವೆಲ್ ಇರುವುದೊಂದು, ಇಲ್ಲದ್ದೊಂದು. ಸ್ವಿವೆಲ್ ಬಿಗಿಮಾಡುವ ಗುಂಡನೆಯ ತಿರುಪು ಬೆರಳಿಗೆ ಸರಿಯಾಗಿ ಸಿಗುವುದಿಲ್ಲವೆಂದು ಅದಕ್ಕೊಂದು ಹಿಡಿಯನ್ನು ಬೇರೆಯವರು ಮಾಡಿ ಮಾರುತ್ತಾರೆ. ಅದು ಗೊತ್ತಾದ ದಿನ ರಾಯರ ಮುಖ ನೋಡಬೇಕಿತ್ತು. ಎರಡನೆಯದು ಕ್ಯಾನ್ಸಾಸಿನ ಅಟ್ಲಾಸ್. ಇದರ ಕಾಲು ಮುಂದಕ್ಕೆ 45 ಡಿಗ್ರಿ, ನೆಟ್ಟಗೆ, ಹಿಂದಕ್ಕೆ 45 ಡಿಗ್ರಿ, ಹೇಗೆ ಬೇಕಾದರೂ ನಿಲ್ಲುತ್ತದೆ, ಅಕ್ಕಪಕ್ಕಕ್ಕೂ ತಿರುಗುತ್ತದೆ. ಬೆಲೆ ಹೆಚ್ಚುಕಡಿಮೆ ರಾಯರ ಬಂದೂಕಿನದ್ದೇ. ಎತ್ತಿಗಿಂತ ಮೂಗುದಾರ ಭಾರ ಎಂದು ಯಾರೋ ಅಂದದ್ದಕ್ಕೆ ಅವರು ಕೋಷ್ಟಕಕ್ಕೆ "ಬೆಲೆಯ ಅನುಪಾತ" ಎಂಬ ಹೊಸ ಅಂಕಣ ಸೇರಿಸಿದರು.

ಸಲಹೆ ಕೇಳುವುದರಲ್ಲಿ ರಾಯರಿಗೆ ಸಂಕೋಚವಿಲ್ಲ. ಕೇಳಿದ್ದಕ್ಕೆ ನಾವು ಉತ್ತರ ಕೊಡಬಾರದು ಎಂಬುದಷ್ಟೇ ಷರತ್ತು. ಕೊಡಗಿನಿಂದ ಬಂದು ಇಲ್ಲೇ ಕೆಲಸ ಮಾಡುವ ಗೆಳೆಯರೊಬ್ಬರನ್ನೂ ಬಿಡಲಿಲ್ಲ. ಅವರ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯಾಗುತ್ತದೆ. ಕೊಡವರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಹಬ್ಬದಲ್ಲಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ನಿಂತೇ ಗುಂಡು ಹೊಡೆಯುವವರ ನಡುವೆ ಬೆಳೆದ ಆ ಮನುಷ್ಯ, ಸ್ಪ್ರಿಂಗು, ಸ್ವಿವೆಲ್ಲು, ಡಿಗ್ರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅಲ್ಲ ಮಾರಾಯ್ರೆ, ನೀವು ಕೋವಿ ಹೊಡೆಯೋದಾ, ಕೂರಿಸೋದಾ?" ಅಂದರು. ರಾಯರು ಅದನ್ನು ಗಂಭೀರವಾಗಿಯೇ ತೆಗೆದುಕೊಂಡು ಎರಡಕ್ಕೂ ಉತ್ತರ ಕೊಟ್ಟರು.

ಕೊನೆಗೆ ತಕರಾರು ನಿಂತದ್ದು ಎತ್ತರದ ಮೇಲೆ. ಹ್ಯಾರಿಸ್‌ನಲ್ಲಿ 6ರಿಂದ 9 ಇಂಚಿನದೊಂದು, 9ರಿಂದ 13 ಇಂಚಿನದೊಂದು. ಬೋರಲು ಮಲಗಿ ಹೊಡೆಯುವವರಿಗೆ ಸಾಮಾನ್ಯವಾಗಿ ಗಿಡ್ಡದ್ದೇ ಸಾಕು, ಬಂದೂಕು ನೆಲಕ್ಕೆ ಹತ್ತಿರವಿದ್ದಷ್ಟೂ ಅಲುಗಾಟ ಕಡಿಮೆ. ಆದರೆ ಪರೀಕ್ಷೆ ಮಾಡದೆ ರಾಯರು ಒಪ್ಪುವುದುಂಟೆ? ನಾನು ಹೋದಾಗ ಹಾಲಿನ ಕಾರ್ಪೆಟ್ಟಿನ ಮೇಲೆ ಬೋರಲಾಗಿದ್ದರು. ಬಂದೂಕಿನ ಬದಲು ಪೊರಕೆಯ ಕೋಲು. ಅದರ ಮುಂತುದಿಗೆ ಆಸರೆಯಾಗಿ ಒಂದರ ಮೇಲೊಂದು ಪೇರಿಸಿದ ಮಕ್ಕಳ ಪಠ್ಯಪುಸ್ತಕಗಳು. ಪಕ್ಕದಲ್ಲಿ ಟೇಪು. ಆರು ಇಂಚಿಗೆ ತಲೆ ಬಗ್ಗುತ್ತಿರಲಿಲ್ಲ, ಏಳಕ್ಕೆ ಉಸಿರು ಕಟ್ಟುತ್ತಿತ್ತು. ನೆಲಕ್ಕೂ ರಾಯರ ಎದೆಗೂ ನಡುವೆ ಹೊಟ್ಟೆ ಬಂದು ಕೂತಿತ್ತು, ಗುರಿ ಹಿಡಿದಷ್ಟೂ ಹೊತ್ತು ಅವರು ಅದರ ಮೇಲೆ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಹತ್ತು ಇಂಚಿಗೆ ಬಂದಾಗ, "ಆಹಾ, ಈಗ ಸರಿಹೋಯ್ತು. ನನ್ನ ಕತ್ತು ಸ್ವಲ್ಪ ಉದ್ದ" ಎಂದರು. ನಾನು ಕತ್ತನ್ನು ನೋಡಿದೆ. ಏನೂ ಹೇಳಲಿಲ್ಲ.

ಒಳಗಿನಿಂದ ಹೆಂಡತಿ, "ರೀ, ಊಟಕ್ಕೆ ಏಳ್ತೀರೋ, ತಟ್ಟೆ ಅಲ್ಲಿಗೇ ಜಾರಿಸ್ಲೋ?" ಎಂದು ಕೇಳಿದರು. ಇಷ್ಟೆಲ್ಲ ಶೋಧಿಸುವ ಮನುಷ್ಯ ಹೆಣ್ಣು ನೋಡಲು ಹೋದಾಗ ಮಾತ್ರ ಒಂದೇ ಸಲಕ್ಕೆ ಒಪ್ಪಿದರಂತೆ. ಆ ಸಲ ಕೋಷ್ಟಕ ಇದ್ದದ್ದು ಹೆಣ್ಣಿನ ಕಡೆಯವರ ಹತ್ತಿರ.

ರಾಯರು ಮಲಗಿಕೊಂಡೇ ನನಗೆ ಇನ್ನೊಂದು ಪಾಠ ಮಾಡಿದರು. ಬೈಪಾಡ್ ಇಟ್ಟಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಭುಜದಿಂದ ಬಂದೂಕನ್ನು ಹದವಾಗಿ ಮುಂದಕ್ಕೆ ಒತ್ತಿ ಕಾಲಿನ ಸಡಿಲವನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಗುಂಡು ಹಾರಿದಾಗ ಕಾಲೂ ಕುಪ್ಪಳಿಸುತ್ತದೆ. ಮಣ್ಣಿಗೆ ಮೊಳೆಯ ಪಾದ, ಸಿಮೆಂಟಿಗೆ ರಬ್ಬರಿನ ಪಾದ. ಮಾತಿನಲ್ಲಿ ಸುಳ್ಳೇನಿಲ್ಲ. ದೊಡ್ಡ ತೋಟೆಯ ಬಂದೂಕಾದರೆ ಇದೆಲ್ಲ ಬೇಕೇ ಬೇಕು. .22 ಕುಪ್ಪಳಿಸುವುದಕ್ಕೆ ಅದಕ್ಕೆ ಯಾರಾದರೂ ಬುದ್ಧಿ ಹೇಳಿಕೊಡಬೇಕು.

ಅಂತೂ 9ರಿಂದ 13 ಇಂಚಿನದು ಮನೆಗೆ ಬಂತು. ಸಿಕ್ಕಿಸಲು ಬಂದೂಕಿನ ಮರದಲ್ಲಿ ಕೊಂಡಿಯೇ ಇರಲಿಲ್ಲ. ಕೊಂಡಿ ಹಾಕಿಸಲು ಇನ್ನಷ್ಟು ವಾರ ಹಿಡಿಯಿತು. ಶನಿವಾರ ನಮ್ಮನ್ನೆಲ್ಲ ಕರೆದುಕೊಂಡು ರೇಂಜಿಗೆ ಹೊರಟರು. ಅಲ್ಲಿ ಕಿವಿಗೆ ಮುಚ್ಚುಗೆ, ಕಣ್ಣಿಗೆ ಕನ್ನಡಕ, ಸಾಲಾಗಿ ಸಿಮೆಂಟಿನ ಬೆಂಚು. ರಾಯರು ನೆಲದ ಮೇಲೆ ಚಾಪೆ ಹಾಸುತ್ತಿದ್ದಂತೆ ಮೇಲ್ವಿಚಾರಕ ಓಡಿಬಂದ. ಇಲ್ಲಿ ಮಲಗಿ ಹೊಡೆಯುವಂತಿಲ್ಲ, ಎಲ್ಲರೂ ಬೆಂಚಿಗೆ ಕೂತೇ ಹೊಡೆಯಬೇಕು ಎಂದ.

ಬೆಂಚಿನ ಮೇಲೆ ನಿಂತ ಬಂದೂಕು ಸ್ಟೂಲಿನ ಮೇಲೆ ಕೂತ ರಾಯರ ಹಣೆಗೆ ಸಮನಾಗಿತ್ತು. ಗುರಿ ಹಿಡಿಯಬೇಕಾದರೆ ಅರ್ಧ ಎದ್ದು ನಿಲ್ಲಬೇಕು. ನಮಗೆ ಅಯ್ಯೋ ಅನ್ನಿಸಿತು. ರಾಯರ ಕಣ್ಣು ಮಾತ್ರ ಆಗಲೇ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲೊಬ್ಬ ಅಜ್ಜ ಗಿಡ್ಡ ಕಾಲಿನ ಬೈಪಾಡ್ ಇಟ್ಟುಕೊಂಡು ಹಾಯಾಗಿ ಹೊಡೆಯುತ್ತಿದ್ದ. ಗುಂಡು ನಿಲ್ಲಿಸಿ ಎಂದು ಮೇಲ್ವಿಚಾರಕ ಕೂಗಿದ್ದೇ ತಡ, ರಾಯರು ಕಿಸೆಯಿಂದ ಟೇಪು ತೆಗೆದು ಅತ್ತ ನಡೆದರು.