ತಗ್ಗಿಸಲೊಂದು ದುಬಾರಿ ತಿರುಪು

ಶಬ್ದವನ್ನು ಹಿಗ್ಗಿಸುವ ವಿದ್ಯೆಯ ತವರುಮನೆ ಯಾವುದೆಂದು ಕೇಳಿದರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದವರು ಎದೆ ತಟ್ಟಿಕೊಂಡು ಕೈಯೆತ್ತಬಹುದು. 1912ರ ಸುಮಾರಿಗೆ ಪಾಲೋ ಆಲ್ಟೋದಲ್ಲಿ ಲೀ ಡಿ ಫಾರೆಸ್ಟ್ ತನ್ನ ಆಡಿಯಾನ್ ಕೊಳವೆಯಿಂದ ಧ್ವನಿವರ್ಧನೆ ಸಾಧಿಸಿದಾಗ, ಕಾಗದದ ಮೇಲೆ ನಡೆದ ನೊಣದ ಹೆಜ್ಜೆ ದಂಡು ನಡೆದಂತೆ ಕೇಳಿಸಿತಂತೆ. 1915ರ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲಿನ ಎದುರು ನೆರೆದ ಜಾತ್ರೆಗೆ ಮ್ಯಾಗ್ನವಾಕ್ಸ್ ಲೌಡ್‌ಸ್ಪೀಕರು ಸಂಗೀತ ಕೇಳಿಸಿತು. 1974ರ ಮಾರ್ಚಿನಲ್ಲಿ ಡೇಲಿ ಸಿಟಿಯ ಕೌ ಪ್ಯಾಲೇಸಿನಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ಸುಮಾರು 600 ಸ್ಪೀಕರುಗಳ ಗೋಡೆಯನ್ನೇ ಕಟ್ಟಿ ನಿಲ್ಲಿಸಿತು. ಇಷ್ಟೆಲ್ಲ ಗದ್ದಲ ಕಂಡ ನೆಲದಲ್ಲಿ ಇವತ್ತು ಸನಿವೇಲ್‌ನ ಅಪಾರ್ಟ್‌ಮೆಂಟಿನ ಕನ್ನಡಿಗ ಸಾವಿರಾರು ಡಾಲರ್ ಸುರಿದು ಪ್ರಿಆಂಪ್ಲಿಫೈಯರ್ ತರುವುದು ಯಾತಕ್ಕೆ? ಶಬ್ದ ಇಳಿಸುವುದಕ್ಕೆ! ಇದು ಕುಹಕವಲ್ಲ, ಲೆಕ್ಕಾಚಾರ.

ಸಿ.ಡಿ. ಪ್ಲೇಯರಿನಿಂದ ಹೊರಡುವ ಸಂಕೇತ ಹೆಚ್ಚೆಂದರೆ ಸುಮಾರು 2 ವೋಲ್ಟ್. ಅದರಾಚೆಗಿನ ಪವರ್ ಆಂಪ್ಲಿಫೈಯರಿಗೆ ಪೂರ್ತಿ ದನಿಯಲ್ಲಿ ಅಬ್ಬರಿಸಲು ಸಾಮಾನ್ಯವಾಗಿ ಒಂದೂವರೆ, ಎರಡು ವೋಲ್ಟ್ ಸಾಕು. ಅಂದರೆ ನಡುವೆ ಕೂತ ಪ್ರಿಆಂಪ್ ಹೆಚ್ಚಿಸಬೇಕಾದದ್ದು ಏನೂ ಉಳಿದಿಲ್ಲ. ಆದರೂ ಅದರ ಹೊಟ್ಟೆಯಲ್ಲಿ ಸಂಕೇತವನ್ನು ಮೂರು ಪಟ್ಟು, ಐದು ಪಟ್ಟು ಮಾಡುವ ಸರ್ಕ್ಯೂಟು ಇರುತ್ತದೆ. ಅದಕ್ಕೂ ಮೊದಲು, ಆ ಹೆಚ್ಚಳವೆಲ್ಲ ಮನೆಯವರ ಕಿವಿ ಸೇರದಂತೆ ತಡೆಯುವ ವಾಲ್ಯೂಮ್ ನಾಬ್ ಇರುತ್ತದೆ. ಬಡಿಸುವುದಕ್ಕೆ ಒಬ್ಬ, ಎಲೆಗೆ ಕೈ ಅಡ್ಡ ಹಿಡಿಯುವುದಕ್ಕೆ ಇನ್ನೊಬ್ಬ. ಇಬ್ಬರಿಗೂ ಸಂಬಳ ನಮ್ಮದೇ. ಗ್ರಾಮಫೋನ್ ತಟ್ಟೆ ಹಾಕುವವರಿಗೆ ಮಾತ್ರ ಈ ಲೆಕ್ಕದಿಂದ ವಿನಾಯಿತಿ. ಅವರ ಮುಳ್ಳು ಹುಟ್ಟಿಸುವುದು ನಾಲ್ಕೈದು ಮಿಲಿವೋಲ್ಟ್, ಕೆಲವೊಮ್ಮೆ ಅದರ ಹತ್ತರಲ್ಲೊಂದು ಪಾಲು. ಅದನ್ನು ಎತ್ತಿ ನಿಲ್ಲಿಸಲು ಯಾರಾದರೂ ಬೇಕೇ ಬೇಕು.

ಹಾಗಾದರೆ ಬೆಲೆ ಯಾವುದಕ್ಕೆ? ನನ್ನ ವಾದ ಇಷ್ಟೇ: ಆ ವಾಲ್ಯೂಮ್ ತಿರುಪಿಗೆ. ಭೂಕಂಪದ ನಾಡಾದ್ದರಿಂದಲೂ ಅಮೆರಿಕದ ರೂಢಿಯಿಂದಲೂ ಇಲ್ಲಿನ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಗೋಡೆಯೆಂದರೆ ಎರಡು ಜಿಪ್ಸಮ್ ಹಲಗೆ, ನಡುವೆ ಒಂದಿಷ್ಟು ಗಾಳಿ. ಪಕ್ಕದ ಮನೆಯವರ ಸೀನಿಗೆ ಇಲ್ಲಿಂದಲೇ ‘ಚಿರಂಜೀವಿ’ ಎನ್ನಬಹುದು. ಹೀಗಿರುವಾಗ ರಾತ್ರಿ ಹತ್ತರ ಮೇಲೆ ನಾಬ್ ಗಡಿಯಾರದ ಎಂಟು ಗಂಟೆಯ ಜಾಗ ಬಿಟ್ಟು ಕದಲುವಂತಿಲ್ಲ. ಅಗ್ಗದ ತಿರುಪುಗಳ ಬಂಡವಾಳ ಬಯಲಾಗುವುದು ಅಲ್ಲಿಯೇ. ಒಳಗೆ ಎಡಕ್ಕೊಂದು ಬಲಕ್ಕೊಂದು ಇಂಗಾಲದ ಪಟ್ಟಿ ಇರುತ್ತವಲ್ಲ, ಅವೆರಡಕ್ಕೂ ತಗ್ಗುದನಿಯಲ್ಲಿ ಹೊಂದಾಣಿಕೆ ಇರುವುದಿಲ್ಲ. ಎರಡು ಮೂರು ಡೆಸಿಬೆಲ್ ಅತ್ತಿತ್ತ ಆಗುತ್ತದೆ. ಪಿ. ಕಾಳಿಂಗರಾಯರ ಹಳೆಯ ಮಾನೋ ಮುದ್ರಿಕೆ ಹಾಕಿ ನೋಡಿ. ಎರಡೂ ಸ್ಪೀಕರಿನಲ್ಲಿ ಒಂದೇ ಸಂಕೇತವಿರುವುದರಿಂದ ಅವರು ನಟ್ಟನಡುವೆ ಕೂತು ಹಾಡಬೇಕು. ದನಿ ಇಳಿಸುತ್ತ ಹೋದಂತೆ ಮೆಲ್ಲಗೆ ಫ್ರಿಜ್ಜಿನ ಕಡೆಗೆ ಸರಿದುಬಿಟ್ಟರೆ ತಪ್ಪು ರಾಯರದಲ್ಲ, ತಿರುಪಿನದು. ಒಳ್ಳೆಯ ಪ್ರಿಆಂಪಿನಲ್ಲಿ ಇಂಗಾಲದ ಪಟ್ಟಿಯ ಬದಲು, ಆಯ್ದು ಜೋಡಿ ಮಾಡಿದ ರೆಸಿಸ್ಟರುಗಳ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಎಡಬಲಗಳು ಜೋಡೆತ್ತಿನಂತೆ ಹೆಜ್ಜೆ ಹಾಕುತ್ತವೆ. ಆ ಜೋಡಿ ಕೂಡಿಸುವ ಕೆಲಸ ಮದುವೆಯ ಜಾತಕ ಕೂಡಿಸುವುದಕ್ಕಿಂತ ಕಷ್ಟ, ಹಾಗಾಗಿ ದುಬಾರಿ.

‘ತಗ್ಗಿಸುವುದೇ ಆದರೆ ಕರೆಂಟೇ ಬೇಡದ ಬರಿಯ ತಿರುಪು ಸಾಲದೆ?’ ಎಂಬ ಆಕ್ಷೇಪಕ್ಕೆ ಅರ್ಧ ಮರ್ಯಾದೆ ಸಲ್ಲಬೇಕು. ಕೇಬಲ್ಲು ಗಿಡ್ಡವಿದ್ದರೆ ಸಾಲುತ್ತದೆ. ಉದ್ದವಾದರೆ ಕೇಬಲ್ಲಿನ ಕೆಪಾಸಿಟೆನ್ಸು ತಿರುಪಿನ ರೆಸಿಸ್ಟೆನ್ಸಿನ ಜೊತೆ ಸೇರಿ ಮೇಲಿನ ಸ್ವರಗಳನ್ನು ನುಂಗುತ್ತದೆ. ಹಿಂದೆ ನಿಂತು ತಳ್ಳುವ ಆಳಾಗಿ ಪ್ರಿಆಂಪಿನ ಸರ್ಕ್ಯೂಟು ಬೇಕಾಗುವುದು ಆಗ. ‘ನಿಮ್ಮ ದುಬಾರಿ ಪೆಟ್ಟಿಗೆ ನಿಜಕ್ಕೂ ಚೆನ್ನಾಗಿ ಕೇಳಿಸಿತಲ್ಲ?’ ಎನ್ನುವವರಿಗೆ ಒಂದು ಎಚ್ಚರಿಕೆ: ಎರಡರಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಇಂಪು ಎನ್ನುತ್ತದೆ. ಮೀಟರು ಹಿಡಿದು ದನಿ ಸರಿದೂಗಿಸದ ಹೋಲಿಕೆ ಹೆಣ್ಣು ತೋರಿಸುವ ದಿನದ ಉಪ್ಪಿಟ್ಟಿನಂತೆ, ನಂಬಿ ಮುಂದುವರಿಯಬಾರದು. ಇನ್ನು ವಯಸ್ಸಿನ ಮಾತು. ಇಂಥ ಪೆಟ್ಟಿಗೆ ಕೊಳ್ಳುವ ತಾಕತ್ತು ಬರುವ ಹೊತ್ತಿಗೆ ಮೇಲಿನ ಸ್ವರಗಳನ್ನು ಕೇಳುವ ಕಿವಿಯ ಶಕ್ತಿ ಪಿಂಚಣಿಗೆ ಅರ್ಜಿ ಹಾಕಿರುತ್ತದೆ. ಕಡಲೆ ಇದ್ದವರಿಗೆ ಹಲ್ಲಿಲ್ಲ, ನಿಜ. ಆದರೆ ಎಡಬಲದ ತೂಕ ತಿಳಿಯಲು 15,000 ಹರ್ಟ್ಸ್ ಕೇಳಬೇಕಿಲ್ಲ. ಅರವತ್ತರ ಕಿವಿಗೂ ರಾಯರು ಎಲ್ಲಿ ಕೂತಿದ್ದಾರೆಂಬುದು ಗೊತ್ತಾಗುತ್ತದೆ.

ನನಗೆ ಜಗಳವಿರುವುದು ಈ ದುಬಾರಿ ಪ್ರಿಆಂಪುಗಳ ಮಡಿವಂತಿಕೆಯ ಮೇಲೆ. ದನಿ ತಗ್ಗಿದಂತೆ ಮನುಷ್ಯನ ಕಿವಿ ಮೊದಲು ಮಂದ್ರವನ್ನು ಕೈಬಿಡುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಆದ್ದರಿಂದಲೇ ಹಳೆಯ ಆಂಪ್ಲಿಫೈಯರುಗಳಲ್ಲಿ ಬಾಸ್ ತಿರುಪು, ಲೌಡ್‌ನೆಸ್ ಗುಂಡಿ ಇರುತ್ತಿದ್ದವು. ದುಬಾರಿ ಪೆಟ್ಟಿಗೆಗಳಲ್ಲಿ ಅನೇಕವು ಅವನ್ನು ಮೈಲಿಗೆಯೆಂದು ಹೊರಗಿಟ್ಟಿವೆ. ಸಂಕೇತಕ್ಕೆ ಇನ್ನೊಂದು ಬಿಡಿಭಾಗ ಸೋಕಿದರೆ ಪಾವಿತ್ರ್ಯ ಕೆಡುತ್ತದಂತೆ. ಫಲವೇನೆಂದರೆ ರಾತ್ರಿಯ ಕಚೇರಿಯಲ್ಲಿ ಮೃದಂಗದ ಬಲಗಡೆ ಮಾತ್ರ ಬಂದಿರುತ್ತದೆ. ಮಂದ್ರದ ಎಡಗಡೆ ಬೆಂಗಳೂರಿನಿಂದ ವಿಮಾನ ಹತ್ತಿರುವುದೇ ಇಲ್ಲ. ಆದ್ದರಿಂದ ಅಂಗಡಿಗೆ ಹೋದಾಗ ಜೋರಾಗಿ ಹಾಕಿಸಿ ಕೇಳಬೇಡಿ; ಜೋರು ಮಾಡುವುದು ಎಲ್ಲಕ್ಕೂ ಬರುತ್ತದೆ. ಪಿಸುಮಾತಿಗೆ ಇಳಿಸಿ. ಕಾಳಿಂಗರಾಯರು ಕೂತಲ್ಲೇ ಕೂತಿದ್ದಾರೆಯೇ ನೋಡಿ, ಬಾಸ್ ತಿರುಪು ಇದೆಯೇ ಎಂದು ವಿಚಾರಿಸಿ. ಮಾರುವವನು ಮುಖ ಸಿಂಡರಿಸಿದರೆ ಮುಂದಿನ ಪೆಟ್ಟಿಗೆ ತೋರಿಸಲು ಹೇಳಿ.